ಮೂರನೆಯ ಗಂಟು

ಹೋದ ವಾರ ಮಗಳ ಶಾಲೆಯಲ್ಲಿ ಸಮವಸ್ತ್ರದ ಬಟ್ಟೆ ಕೊಟ್ಟರು. ಕಟ್ಟು ಬಿಚ್ಚಿದ ಕೂಡಲೇ ಹೊಸ ಬಟ್ಟೆಯ ಗಂಜಿ ವಾಸನೆ ಮೂಗಿಗೆ ಬಡಿಯಿತು. ಅದರ ಹಿಂದೆಯೇ ಮಷೀನಿನ ಎಣ್ಣೆಯ ವಾಸನೆಯೂ ಬಂತು. ನಮ್ಮ ಮನೆಯಲ್ಲಿ ಹೊಲಿಗೆ ಮಷೀನೇ ಇಲ್ಲ... ತವರೂರು ಕೊಟ್ಟೂರಿನ ನಮ್ಮ ಓಣಿಯ ಹೊಲಿಗೆ ಅತ್ತೆ ಬಾಗಿಲಲ್ಲಿ ಬಂದು ನಿಂತಂತಾಯಿತು.

ಓಣಿಯ ಹುಡುಗಿಯರ ಲಂಗವನ್ನೆಲ್ಲ ಹೊಲಿಯುತ್ತಿದ್ದವಳು ಅವಳೇ. ಓದು ಬರಹ ಬಾರದು, ಹಾಗಾಗಿ ಟೇಪಿನ ಅಂಕಿಯೂ ಬೇಡ. ಒಬ್ಬೊಬ್ಬ ಹುಡುಗಿಗೆ ಒಂದೊಂದು ದಾರ. ಸೊಂಟಕ್ಕೆ ಸುತ್ತಿ, ಅಳತೆ ಬಂದಲ್ಲಿ ಗಂಟು ಹಾಕಿ, ಗುರುತಿಗೆ ಆ ಹುಡುಗಿಯ ಹಳೆಯ ಬಟ್ಟೆಯ ಚೂರು ಕಟ್ಟಿ ಮೊಳೆಗೆ ತೂಗುಹಾಕುತ್ತಿದ್ದಳು. ಫ್ಯಾನಿಲ್ಲದ ಆ ಕೋಣೆಯಲ್ಲಿ ದಾರಗಳು ತಮ್ಮಷ್ಟಕ್ಕೆ ತಾವೇ ಅಲುಗುತ್ತಿದ್ದವು. ನಾವು ನಮ್ಮ ನಮ್ಮ ದಾರ ಹುಡುಕಿಕೊಂಡು ನಗುತ್ತಿದ್ದೆವು.

ಏಳನೇ ತರಗತಿಯಲ್ಲಿ ಪಕ್ಕದ ಮನೆಯ ನನ್ನ ಗೆಳತಿಯ ಲಂಗ ದಸರೆ ಹೊತ್ತಿಗೇ ಬಿಗಿಯಾಯಿತು. ಜೂನಿನಲ್ಲಿ ಹೊಲಿದದ್ದು. ಸಡಿಲ ಮಾಡಿಸಲು ಅತ್ತೆಯ ಹತ್ತಿರ ಹೋದಾಗ ನಾನೂ ಜೊತೆಗಿದ್ದೆ.

“ಲಂಗದ ಕೊಕ್ಕಿ ಕೂಡವಲ್ದು ಅತ್ತಿ. ಭಾಳ ಉಣ್ತೀಯ ಅಂತ ಅವ್ವ ಬೈತಾಳ” ಅಂದಳು ಗೆಳತಿ.

ಅತ್ತೆ ದಾರ ಸುತ್ತಿದಳು. ಹಳೆಯ ಗಂಟಿನಿಂದ ನಾಲ್ಕು ಬೆರಳು ಆಚೆಗೆ ಎರಡನೆಯ ಗಂಟು ಬಿತ್ತು. ಅವಳ ಕೈ ಅಲ್ಲೇ ನಿಂತಿತು. ಗೆಳತಿಯ ಮುಖ ನೋಡಿದಳು, ನನ್ನ ಮುಖ ನೋಡಿದಳು. ಆಮೇಲೆ ತಲೆ ಬಗ್ಗಿಸಿ ಹೊಲಿಗೆ ಬಿಚ್ಚತೊಡಗಿದಳು. ಗೆಳತಿ ಬಸುರಿ ಎಂಬುದು ಅತ್ತೆಗೆ ಆಗಲೇ ಗೊತ್ತಾಗಿತ್ತು. ಗೊತ್ತಿಲ್ಲದಿದ್ದುದು ಗೆಳತಿಗೆ. ಮಕ್ಕಳು ಹೇಗೆ ಆಗುತ್ತವೆ ಎಂದು ನಮಗಿಬ್ಬರಿಗೂ ಯಾರೂ ಹೇಳಿರಲಿಲ್ಲ.

ದೀಪಾವಳಿ ಕಳೆದು ವಾರಕ್ಕೆ ಅವಳು ಬಾವಿಯಲ್ಲಿ ಸಿಕ್ಕಳು. ಹೊಟ್ಟೆನೋವು ತಾಳದೆ ಬಿದ್ದಳು ಎಂದರು ಮನೆಯವರು. ಆ ಮನೆಗೆ ಬಂದು ಹೋಗುತ್ತಿದ್ದ ನೆಂಟನೊಬ್ಬನ ಹೆಸರನ್ನು ಓಣಿ ನಾಲ್ಕು ದಿನ ಪಿಸುಗುಟ್ಟಿ ಸುಮ್ಮನಾಯಿತು.

ಅತ್ತೆ ಮಾತ್ರ ಸುಮ್ಮನಾಗಲಿಲ್ಲ. ಮರುವರ್ಷ ನಾನು ಅಳತೆಗೆ ಹೋದಾಗ ಗೆಳತಿಯ ದಾರ ಇನ್ನೂ ಮೊಳೆಯಲ್ಲೇ ಇತ್ತು. ಅದರಲ್ಲಿ ಮೂರು ಗಂಟುಗಳಿದ್ದವು; ಮೂರನೆಯದು ಎರಡನೆಯದಕ್ಕಿಂತ ಒಂದು ಗೇಣು ಆಚೆಗೆ, ತುಂಬು ಬಸುರಿಯ ಅಳತೆಗೆ.

“ನಾ ಹಾಕಿದ್ದು ಎರಡ. ಇದನ್ನ ನಾ ಹಾಕಿಲ್ಲವ್ವ” ಅಂದಳು ಅತ್ತೆ. “ಬಿಚ್ಚಿದ್ರೂ ಬಿಚ್ಚವಲ್ದು.”

ಆ ದಿನ ನನ್ನ ಸೊಂಟಕ್ಕೆ ದಾರ ಸುತ್ತುತ್ತಲೇ ಅವಳು ಎಲ್ಲವನ್ನೂ ಹೇಳಿದಳು. ಮುಟ್ಟು ಅಂದರೇನು, ಬಸಿರು ಹೇಗೆ ನಿಲ್ಲುತ್ತದೆ, ಯಾರಾದರೂ ಮೈಮೇಲೆ ಕೈ ಹಾಕಿದರೆ ಯಾರಿಗೆ ಹೇಳಬೇಕು... “ಅದು ನಿನ್ನ ತಪ್ಪಲ್ಲ. ಯಾರ್ ಏನಂದ್ರೂ ನಿನ್ನ ತಪ್ಪಲ್ಲ, ತಿಳೀತೋ ಇಲ್ಲೋ?” ಹೇಳುವಾಗ ಅವಳು ನನ್ನನ್ನು ನೋಡುತ್ತಿರಲಿಲ್ಲ. ನನ್ನ ಪಕ್ಕದಲ್ಲಿ ಗೆಳತಿ ನಿಲ್ಲುತ್ತಿದ್ದ ಜಾಗವನ್ನೇ ನೋಡುತ್ತಿದ್ದಳು.

ಬಂದ ಹುಡುಗಿಯರಿಗೆಲ್ಲ ಹೀಗೇ ಹೇಳತೊಡಗಿದಳು. “ಹುಡುಗ್ಯಾರ ತಲಿ ಕೆಡಸ್ತಾಳ” ಎಂದು ತಾಯಂದಿರು ಅವಳಲ್ಲಿಗೆ ಕಳಿಸುವುದನ್ನೇ ಬಿಟ್ಟರು. ನನ್ನ ಅವ್ವನೂ ಬಿಟ್ಟಳು. ಮೊಳೆಯ ದಾರಗಳು ಕಡಿಮೆಯಾಗುತ್ತ ಕೊನೆಗೆ ಗೆಳತಿಯದೊಂದೇ ಉಳಿಯಿತು. ನನ್ನ ಮದುವೆಯ ಹಿಂದಿನ ದಿನ ಅತ್ತೆ ಅದನ್ನು ನನ್ನ ಕೈಗಿಟ್ಟಳು. ಅವಳು ತೀರಿಕೊಂಡ ಸುದ್ದಿ ಗಂಡನ ಊರು ಹಗರಿಬೊಮ್ಮನಹಳ್ಳಿಯಲ್ಲಿ ನನಗೆ ಮುಟ್ಟುವಷ್ಟರಲ್ಲಿ ಮಣ್ಣಾಗಿಹೋಗಿತ್ತು.

ಮಗಳಿಗೆ ಈಗ ಹನ್ನೆರಡು. ಹೇಳಬೇಕು, ಹೇಳಬೇಕು ಎಂದುಕೊಂಡೇ ಎರಡು ವರ್ಷ ದಾಟಿಸಿದ್ದೆ. ನಾನೂ ನನ್ನ ಅವ್ವನೇ ಆಗಿಬಿಟ್ಟಿದ್ದೆ. ಬಟ್ಟೆ ತಂದ ಆ ಸಂಜೆ ಅವಳು ಸೂಜಿ ಹುಡುಕುತ್ತ ಬಿಸ್ಕತ್ತಿನ ಡಬ್ಬಿಯಿಂದ ಆ ದಾರ ತೆಗೆದಳು. ನಾನು ತಡೆಯುವಷ್ಟರಲ್ಲಿ ಸೊಂಟಕ್ಕೆ ಸುತ್ತಿಕೊಂಡಳು. ಮೊದಲನೆಯ ಗಂಟು ಸರಿಯಾಗಿ ಕೂತಿತು. ಕೂದಲೆಳೆಯಷ್ಟೂ ಹೆಚ್ಚುಕಡಿಮೆ ಇಲ್ಲ.

“ಅಮ್ಮಾ, ಯಾರ ಅಳತಿ ಇದು? ನಂಗ ಕರೆಕ್ಟ್ ಬರ್ತೈತಿ ನೋಡು. ಈ ಕಡಿ ಇನ್ನೆರಡು ಗಂಟು ಯಾಕದಾವ?”

ಒಲೆಯ ಮೇಲೆ ಆಗಷ್ಟೇ ಬೇಳೆ ಇಟ್ಟಿದ್ದೆ. ಅವಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಅತ್ತೆ ನನಗೆ ಹೇಳಿದ್ದನ್ನೆಲ್ಲ ಹೇಳಿದೆ. ಗೆಳತಿಯ ಸುದ್ದಿಯನ್ನೂ ಹೇಳಿದೆ. ಮುಗಿಸಿ ಎದ್ದು ನೋಡಿದರೆ ಬೇಳೆ ಇನ್ನೂ ಬೆಂದಿರಲಿಲ್ಲ.

ಇಷ್ಟೇ ಹೊತ್ತಿನ ಮಾತು ಅದು... ಅಷ್ಟನ್ನು ನನ್ನ ಗೆಳತಿಗೆ ಯಾರೂ ಹೇಳಿರಲಿಲ್ಲ. ಒಲೆಯ ಮುಂದೆ ನಿಂತು ಅತ್ತುಬಿಟ್ಟೆ.