ಅಕ್ಕನ ಹೊಲಕ್ಕೊಂದು ಜೋಡಿ ಗಾಡಿ

ಐರಣಿಯಲ್ಲಿ ನನ್ನ ಅಕ್ಕನ ಮೆಣಸಿನಕಾಯಿ ಹೊಲ ಊರಿನಿಂದ ಸಾಕಷ್ಟು ದೂರ, ಅದೂ ಅಪ್ಪಟ ಎರೆಭೂಮಿ. ಬೇಸಿಗೆಯಲ್ಲಾದರೆ ಬೈಕಿನ ಮೇಲೆ ಹೋಗಿಬರಬಹುದು. ಮಳೆ ಬಿತ್ತೆಂದರೆ ಮಣ್ಣು ಚಕ್ರಕ್ಕೂ ಮಡ್‌ಗಾರ್ಡಿಗೂ ನಡುವೆ ಮೆತ್ತಿಕೊಂಡು ಬೈಕು ನಿಂತಲ್ಲೇ ನಿಲ್ಲುತ್ತದೆ. ಟ್ರ್ಯಾಕ್ಟರ್ ತರೋಣವೆಂದರೆ ಅಕ್ಕ ಬಿಲ್‌ಕುಲ್ ಒಪ್ಪುವುದಿಲ್ಲ. ಹಸಿ ನೆಲದ ಮೇಲೆ ಟ್ರ್ಯಾಕ್ಟರ್ ಓಡಾಡಿದರೆ ಮಣ್ಣು ಒತ್ತಿ ಗಟ್ಟಿಯಾಗಿ ಬೇರು ಇಳಿಯುವುದಿಲ್ಲ ಎಂಬುದು ಆಕೆಯ ವಾದ, ಅದು ಖರೆಯೂ ಹೌದು. ಹೀಗಾಗಿ ಚಪ್ಪಲಿ ಕೈಯಲ್ಲಿ ಹಿಡಿದು ನಡೆದೇ ಹೋಗುತ್ತಿದ್ದಳು, ಮೊಣಕಾಲು ಕೈಕೊಡುವ ತನಕ.

ಎರಡು ಮಳೆಗಾಲ ಆಕೆ ತನ್ನ ಹೊಲದಲ್ಲಿ ಹೂವು ಬಿಟ್ಟದ್ದನ್ನು ನೋಡಲಿಲ್ಲ. ಯುಗಾದಿಗೆ ನಾವು ಹೋದಾಗ ಹೋಳಿಗೆ ಬಡಿಸುತ್ತ ಹೇಳಿದಳು: "ಬಾಜೂ ಹೊಲದವರಿಗೆ ಲಾವಣಿಗೆ ಕೊಟ್ಟುಬಿಡ್ತೇನಿ ತಮ್ಮಾ, ಅವರ ಬೆಳಕೊಂಡು ವರ್ಷಕ್ಕಿಷ್ಟು ರೊಕ್ಕ ಕೊಡ್ಲಿ. ಮಹಾನವಮಿಗೆ ಮಾತು ಮುಗಸೂಣು ಅಂದೇನಿ. ನೋಡಾಕ ಆಗದ ಹೊಲ ಇಟ್ಕೊಂಡು ನಾ ಏನ್ ಮಾಡ್ಲಿ?"

ಎಷ್ಟು ಸಮಾಧಾನದಿಂದ ಹೇಳಿದಳೆಂದರೆ ನನಗೆ ಸಿಟ್ಟೇ ಬಂತು. ನನ್ನ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ ಎಂದು ಮನೆಯಲ್ಲಿ ಎಲ್ಲರಿಗೂ ಗೊತ್ತು. ಅವ್ವ ಹೋದ ಮೇಲೆ ನನ್ನ ತಲೆ ಬಾಚಿ ಸಾಲಿಗೆ ಕಳಿಸಿದವಳು ಈ ಅಕ್ಕ. ಆ ಹೊಲ ಬಿಟ್ಟರೆ ಆಕೆಗೆ ಬೇರೆ ಹುಚ್ಚಿಲ್ಲ. ಊಟ ಅರ್ಧಕ್ಕೇ ಬಿಟ್ಟೆದ್ದೆ. ಹೋಳಿಗೆ ಮಾತ್ರ ಮುಗಿಸಿದ್ದೆ.

ರಾಣೆಬೆನ್ನೂರಿನಲ್ಲಿ ನಾನು ಟ್ರ್ಯಾಕ್ಟರ್ ಟ್ರಾಲಿ ಕಟ್ಟುವ ಅಂಗಡಿ ಇಟ್ಟಿದ್ದವನು. ಈಗ ಅಂಗಡಿ ಬೇರೆಯವರಿಗೆ ಬಿಟ್ಟು, ವೆಲ್ಡಿಂಗ್ ಮಷಿನ್ನು, ಡ್ರಿಲ್ಲು, ಗ್ರೈಂಡರ್ ಅಷ್ಟನ್ನು ಮನೆ ಹಿಂದಿನ ತಗಡಿನ ಶೆಡ್ಡಿಗೆ ತಂದುಕೊಂಡಿದ್ದೇನೆ. ಯಾವುದೋ ಹಿಮದ ದೇಶದ ಗಾಡಿಯೊಂದನ್ನು ಫೋನಿನಲ್ಲಿ ನೋಡಿದ್ದೆ. ಮುಂದೊಂದು ಡಬ್ಬಿ, ಹಿಂದೊಂದು ಡಬ್ಬಿ, ನಡುವೆ ಕೀಲು. ಗಾಲಿಯ ಬದಲು ಯುದ್ಧದ ಟ್ಯಾಂಕಿಗಿರುವಂಥ ನಾಲ್ಕು ಅಗಲ ಪಟ್ಟಾಗಳು. ಆ ಕೀಲನ್ನು ಬಾಗಿಸಿದರೆ ಗಾಡಿ ತಿರುಗುತ್ತದೆ. ಭಾರವೆಲ್ಲ ಪಟ್ಟಾದ ಉದ್ದಗಲಕ್ಕೆ ಹಂಚಿಹೋಗುವುದರಿಂದ ಮೆತ್ತನೆಯ ಹಿಮದಲ್ಲೂ ಹೂತುಹೋಗುವುದಿಲ್ಲ. ಹಿಮದಲ್ಲಿ ಹೋಗುವುದು ಎರೆಮಣ್ಣಿನಲ್ಲಿ ಯಾಕೆ ಹೋಗಬಾರದು?

ಎಂಜಿನ್ನು, ಗೇರ್‌ಬಾಕ್ಸು ಹಾವೇರಿಯ ಗುಜರಿಯಲ್ಲಿ ಬಿದ್ದಿದ್ದ ಲಗೇಜ್ ಆಟೋದ್ದು. ಪಟ್ಟಾಗಳಿಗೆ ಬ್ಯಾಡಗಿಗೆ ಹೋದೆ. ಅಲ್ಲಿ ಮೆಣಸಿನಕಾಯಿ ಚೀಲ ಸಾಗಿಸುತ್ತಿದ್ದ ಹಳೆಯ ರಬ್ಬರ್ ಬೆಲ್ಟು ಸಿಕ್ಕಿತು. ಬೆಲ್ಟು ಗಟ್ಟಿಮುಟ್ಟಾಗಿತ್ತು ಎಂದು ಖುಷಿಯಿಂದ ತಂದು ಗ್ರೈಂಡರ್ ಹಚ್ಚಿದೆ. ವರ್ಷಗಟ್ಟಲೆ ಅದರೊಳಗೆ ಕೂತಿದ್ದ ಖಾರವೆಲ್ಲ ಕಾದು ಎದ್ದಿತು. ನಾನು ಕೆಮ್ಮುತ್ತ ಹೊರಗೆ ಓಡಿದೆ. ಆಚೆ ಮನೆಯವರು ಬಾಗಿಲು ಹಾಕಿಕೊಂಡರು. ನನ್ನ ಹೆಂಡತಿ ಸೆರಗು ಮೂಗಿಗೆ ಒತ್ತಿಕೊಂಡು ಬಂದು, "ಗಾಡಿ ಮಾಡಾಕತ್ತೀರೋ, ಒಗ್ಗರಣಿ ಹಾಕಾಕತ್ತೀರೋ?" ಎಂದಳು. ಆಮೇಲೆ ಬೆಲ್ಟಿನ ಮೇಲೆ ಕೊಡದಿಂದ ನೀರು ಸುರಿಯುತ್ತ ನಿಂತವಳೂ ಅವಳೇ.

ನಡುವಿನ ಕೀಲು ನನ್ನನ್ನು ಬಹಳ ಸತಾಯಿಸಿತು. ಮೊದಲು ಮಾಡಿದ್ದು ಎಡಕ್ಕೆ, ಬಲಕ್ಕೆ ಮಾತ್ರ ಬಾಗುತ್ತಿತ್ತು. ಮನೆ ಮುಂದಿನ ಗಟಾರು ದಾಟಿಸುವಾಗ ಮುಂದಿನ ಡಬ್ಬಿ ಒಂದು ಕಡೆ ವಾಲಿತು, ಹಿಂದಿನದು ನೆಟ್ಟಗೇ ನಿಂತಿತು, ನಡುವಿನ ವೆಲ್ಡಿಂಗು ಟಪ್ ಎಂದು ಬಿಟ್ಟಿತು. ಬಾಗಿದರೆ ಸಾಲದು, ತಿರುಚಿಕೊಳ್ಳಲೂ ಬೇಕು. ಪೈಪಿನೊಳಗೆ ಪೈಪು ಹಾಕಿ ಮತ್ತೆ ಕಟ್ಟಿದೆ. ಓಣಿಯ ಮಕ್ಕಳು ಅದಕ್ಕೆ ಕಂಬಳಿ ಹುಳ ಎಂದು ಹೆಸರಿಟ್ಟರು. ಬೈಯಲು ಹೋದವನು ಗಾಡಿಯ ಕಡೆ ತಿರುಗಿ ನೋಡಿದೆ. ಹೌದು, ಹಾಗೇ ಕಾಣುತ್ತಿತ್ತು.

ಮಹಾನವಮಿ ಹತ್ತಿರ ಬಂದಾಗ ನಾನೂ ಹೆಂಡತಿಯೂ ಗಾಡಿಯನ್ನು ಲಾರಿಗೆ ಏರಿಸಿ ಐರಣಿಗೆ ಒಯ್ದೆವು. ಮಳೆ ಹೊಡೆದು ಅಕ್ಕನ ಅಂಗಳವೆಲ್ಲ ಕಿಚಿಪಿಚಿ ಕೆಸರು. ಹೊಸ ಗಾಡಿ ಎಂದ ಮೇಲೆ ಪೂಜೆಯಾಗದೆ ಅಕ್ಕ ಹತ್ತುವವಳಲ್ಲ. ನೋಡಲು ಬಂದ ನೆರೆಹೊರೆಯವರ, ಬಾಜೂ ಹೊಲದವರ ಎದುರು ಕುಂಕುಮ ಹಚ್ಚಿ, ಕಾಯಿ ಒಡೆದಳು. ಗಾಲಿ ಎಲ್ಲಿದೆ, ನಿಂಬೆಹಣ್ಣು ಎಲ್ಲಿ ಇಡಬೇಕು ಎಂದು ಸ್ವಲ್ಪ ಹೊತ್ತು ಚರ್ಚೆಯಾಯಿತು. ಕೊನೆಗೆ ಒಂದೊಂದು ಪಟ್ಟಾದ ಮುಂದೆ ಒಂದೊಂದು ಇಟ್ಟರು. ನಾನು ಎಂಜಿನ್ ಹಚ್ಚಿ ಮುಂದೆ ಬಿಟ್ಟೆ.

ಇಳಿದು ನೋಡಿದರೆ ಎಲ್ಲರೂ ಹಿಂದೆ ಬಗ್ಗಿ ನಿಂತಿದ್ದಾರೆ. ನಾಲ್ಕೂ ನಿಂಬೆಹಣ್ಣು ಕೆಸರಿನಲ್ಲಿ ಒತ್ತಿ ಕೂತಿದ್ದವು. ಒಂದೂ ಒಡೆದಿರಲಿಲ್ಲ.

"ಹಣ್ಣ ಒಡೀಲಿಲ್ಲಲ್ರೀ!" ಎಂದು ಬಾಜೂ ಹೊಲದವರು ಹಣೆ ಮುಟ್ಟಿಕೊಂಡರು. "ಅಕ್ಕಾರ, ಶಕುನ ಛಲೋ ಇಲ್ಲ. ಇದರಾಗ ಕುಂದ್ರಬ್ಯಾಡ್ರಿ." ಅವರು ಹೊಲದ ಆಸೆಗೆ ಹೇಳಿದ್ದಲ್ಲ, ಪಾಪ, ನಿಜವಾಗಿ ಹೆದರಿ ಹೇಳಿದರು. ಅಕ್ಕನ ಮುಖ ಸಪ್ಪಗಾಯಿತು. ಆಕೆ ಒಂದು ಹೆಜ್ಜೆ ಹಿಂದೆ ಸರಿದಳು.

ನನಗೆ ತಡೆಯಲಾಗಲಿಲ್ಲ. "ಒಡೀಬಾರದಂತನ ಇಷ್ಟ ದಿನ ಒದ್ದಾಡೇನಿ! ಅದ ಇದರ ಗುಣ! ಒಲ್ಲೆ ಅಂದ್ರ ಹೇಳ್ರಿ, ಗುಜರಿಗೆ ಹಾಕ್ತೇನಿ!" ಎಂದು ಊರಿಗೆಲ್ಲ ಕೇಳುವಂತೆ ಕೂಗಿದೆ. ನನ್ನ ಹೆಂಡತಿ ಬಗ್ಗಿ ಒಂದು ಹಣ್ಣು ಕಿತ್ತು ಅಕ್ಕನ ಕೈಗೆ ಕೊಟ್ಟಳು. ಅಕ್ಕ ಅದನ್ನು ಸೆರಗಿಗೆ ಒರೆಸಿ, ಹೆಬ್ಬೆರಳಿನಿಂದ ಒತ್ತಿ, ತಿರುಗಿಸಿ ತಿರುಗಿಸಿ ನೋಡಿದಳು. ಸಂತೆಯಲ್ಲಿ ಹಣ್ಣು ಆರಿಸುವಾಗಲೂ ಆಕೆ ಇಷ್ಟು ನೋಡಿದ್ದನ್ನು ನಾನು ಕಂಡಿಲ್ಲ.

"ನಿಂಬಿಹಣ್ಣನ ಒಡೀಲಿಲ್ಲ ಅಂದ್ರ, ನನ್ನ ಮಣ್ಣೂ ಒತ್ತಂಗಿಲ್ಲ," ಎಂದಳು. "ಇದು ಅಪಶಕುನ ಹ್ಯಾಂಗ ಆಕ್ಕೈತಿ? ಶಾಸ್ತ್ರಕ್ಕ ಒಂದು ಹಣ್ಣ ಈಳಿಗಿಲೆ ಕೊಯ್ದಿಡ್ರಿ, ಸಾಕು."

ಹಿಂದಿನ ಡಬ್ಬಿಯಲ್ಲಿ ಆಕೆಗೆಂದು ಮೆತ್ತನೆಯ ಸೀಟು, ಹಿಡಿಕೆ, ಬಿಸಿಲಿಗೆ ಮರೆ, ಎಲ್ಲ ಮಾಡಿದ್ದೆ. ಆಕೆ ಅದನ್ನು ಕಣ್ಣೆತ್ತಿಯೂ ನೋಡಲಿಲ್ಲ. "ಅಲ್ಲಿ ಕುಂತು ನಿನ್ನ ಬೆನ್ನ ನೋಡ್ಲೇನು? ಎತ್ತ ಹೂಡಿ ಚಕ್ಕಡಿ ಹೊಡದಾಕಿ ನಾನು," ಎಂದು ಮುಂದಿನ ಸೀಟಿಗೆ ಹೋದಳು. ನಾನೂ ಹೆಂಡತಿಯೂ ಎತ್ತಿ ಹತ್ತಿಸಿದೆವು. ಡಬ್ಬಿ ಇಕ್ಕಟ್ಟಾಗಿದ್ದರಿಂದ ಪೆಡಲ್ ಇಡಲು ಜಾಗ ಸಾಲದೆ ಕ್ಲಚ್ಚು, ಬ್ರೇಕು ಎಲ್ಲ ಕೈಯಲ್ಲೇ ಹಿಡಿಯುವಂತೆ ಮಾಡಿದ್ದೆ. ಇದನ್ನು ಹೊಡೆಯಲು ಮೊಣಕಾಲೇ ಬೇಕಿಲ್ಲ ಎಂಬುದು ನನಗೆ ಹೊಳೆದದ್ದು ಆಕೆ ಅಲ್ಲಿ ಕೂತ ಮೇಲೆ.

ಒಂದೆರಡು ದಿನ ಅಂಗಳದಲ್ಲೇ ಕಲಿತಳು. ಬಣವೆಗೆ ಒಮ್ಮೆ ಗುದ್ದಿದಳು, ಬಚ್ಚಲ ಗೋಡೆಯ ಮೂಲೆ ಕೆಡವಿದಳು, ಎರಡಕ್ಕೂ ನನ್ನನ್ನೇ ಬೈದಳು. ಆಮೇಲೆ ಒಂದು ಮುಂಜಾನೆ ಹೊಲದ ದಾರಿ ಹಿಡಿದಳು. ಹಿಂದಿನ ಮೆತ್ತನೆಯ ಸೀಟಿನಲ್ಲಿ ನಾನು ಆಕೆಯ ಬೆನ್ನು ನೋಡುತ್ತ ಕೂತಿದ್ದೆ. ಟ್ರ್ಯಾಕ್ಟರ್ ಹೂತು ನಿಲ್ಲುವ ತಗ್ಗಿನಲ್ಲಿ ಗಾಡಿ ನಡು ಬಾಗಿಸಿ, ಒಂದು ಸಲ ತಿರುಚಿಕೊಂಡು, ಮೇಲೆ ಹತ್ತಿತು. ಹೊಲ ಕಂಡಿತು. ಗಿಡದ ತುಂಬ ಬಿಳಿ ಹೂವು.

ಬಾಜೂ ಹೊಲದವರು ಬದುವಿನ ಮೇಲೆ ನಿಂತಿದ್ದರು. ಅಕ್ಕ ಎಂಜಿನ್ ಆರಿಸಲೂ ಇಲ್ಲ. ಅಷ್ಟು ಸಪ್ಪಳದಲ್ಲೇ ಕೂಗಿ ಹೇಳಿದಳು: "ಲಾವಣಿ ಮಾತು ಬಿಟ್ಟುಬಿಡಪಾ! ನಾನ ಬರಾಕತ್ತೇನಿ ನೋಡು!"

ಅವರು ನಕ್ಕು ಕೈಮುಗಿದರು. ಅಕ್ಕ ನನ್ನ ಕಡೆ ತಿರುಗಿದಳು.

"ನೀ ಇಳಿ ತಮ್ಮಾ. ಸುಮ್ನ ಯಾಕ ಭಾರ?"

ಇಳಿದೆ. ಆಕೆ ಹೊಲದ ಅಂಚು ಹಿಡಿದು ಒಬ್ಬಳೇ ಹೋದಳು, ಅಲ್ಲಲ್ಲಿ ನಿಲ್ಲಿಸಿ ಗಿಡ ಮುಟ್ಟುತ್ತ. ನಾನು ಬದುವಿನ ಮೇಲೆ ಕೂತು ಅತ್ತೆ.