ಭೀಮಪ್ಪನ ಟಿಟ್ಟಿಭ ಮತ್ತು ಉಳಿದ ಬಿಸಿಬೇಳೆಬಾತ್

ಭೀಮಪ್ಪನಿಗೆ ಕೆಸರು ಕಂಡರೆ ಹೇಸಿಗೆಯಿಲ್ಲ. ಐರ್ಲೆಂಡಿನ ಲಿಟಲ್ ಐಲ್ಯಾಂಡ್ ಎಂಬಲ್ಲಿನ ಕಾರ್ಖಾನೆಗಳ ಬೆನ್ನಿಗೆ, ಸಮುದ್ರ ಹಿಂದೆ ಸರಿದಾಗ ತೆರೆದುಕೊಳ್ಳುವ ಕಪ್ಪು ಕೆಸರು ಕೊಳೆತ ಮೊಟ್ಟೆಯ ಹಾಗೆ ನಾರುತ್ತದೆ. ಬೇರೆಯವರು ಕಾರಿನ ಗಾಜು ಏರಿಸಿಕೊಂಡು ದಾಟುವ ಆ ಜಾಗದಲ್ಲಿ ಅವನು ಟೆಲಿಸ್ಕೋಪ್ ನಿಲ್ಲಿಸಿಕೊಂಡು ಗಂಟೆಗಟ್ಟಲೆ ಹಕ್ಕಿ ನೋಡುತ್ತಾನೆ, ಅಲ್ಲೇ ಡಬ್ಬಿ ಬಿಚ್ಚಿ ಚಪಾತಿಯನ್ನೂ ತಿನ್ನುತ್ತಾನೆ. ಅವನಿಗೆ ವಾಕರಿಕೆ ಬರುವುದು ಮನುಷ್ಯರನ್ನು ಕಂಡರೆ.

ಅವನು ರಾಣೆಬೆನ್ನೂರಿನವನು, ಕೃಷ್ಣಮೃಗಗಳ ಕಾಡಿನ ಅಂಚಿನಲ್ಲಿ ಬೆಳೆದವನು. ಮಾಸ್ಟರ್ಸ್ ಮಾಡಲು ಐರ್ಲೆಂಡಿಗೆ ಬಂದು, ಈಗ ಔಷಧ ಕಂಪನಿಯೊಂದರ ಪ್ಯಾಕಿಂಗ್ ಲೈನಿನಲ್ಲಿ ಸೂಪರ್‌ವೈಸರ್. ಕೆಲಸದಲ್ಲಿದ್ದಷ್ಟು ಹೊತ್ತೂ ಗ್ಲೌಸು, ಮಾಸ್ಕು, ತಲೆಗೆ ಬಲೆ. ಶಿಫ್ಟ್ ಮುಗಿದರೆ ಸೀದಾ ನೀರಿನ ದಂಡೆ. ದಂಡೆಗುಂಟ ನಡೆಯುವಾಗ ಅವನ ಬಾಯಿ ಸುಮ್ಮನಿರುವುದಿಲ್ಲ. ಇಲ್ಲಿನ ಜನ ನಾಯಿಯ ಹೇಲನ್ನು ಅಚ್ಚುಕಟ್ಟಾಗಿ ಚೀಲದಲ್ಲಿ ಕಟ್ಟುತ್ತಾರೆ, ಆಮೇಲೆ ಆ ಚೀಲವನ್ನು ಮುಳ್ಳುಗಿಡದ ಟೊಂಗೆಗೆ ತೂಗುಹಾಕಿ ಮನೆಗೆ ಹೋಗುತ್ತಾರೆ.

"ಥೂ, ದೇವರಿಗೆ ಹರಕಿ ಕಟ್ಟಿದಂಗ ಕಟ್ಟ್ಯಾರ ನೋಡು," ಎನ್ನುತ್ತಾ ಒಂದೊಂದನ್ನೇ ಬಿಚ್ಚಿ ತನ್ನ ಕಸದ ಚೀಲಕ್ಕೆ ಹಾಕಿಕೊಳ್ಳುತ್ತಾನೆ.

ಈ ವರ್ಷ ಏಪ್ರಿಲ್‌ನಲ್ಲಿ ದಂಡೆಯ ಪಕ್ಕದ ಜವುಗು ಹೊಲಕ್ಕೆ ಲ್ಯಾಪ್‌ವಿಂಗ್ ಜೋಡಿಯೊಂದು ಬಂತು. ನಮ್ಮ ಕಡೆಯ ಟಿಟ್ಟಿಭದ ನೆಂಟ ಅದು. ಎಣ್ಣೆ ಹಚ್ಚಿದಂತೆ ಮಿನುಗುವ ಹಸಿರು ಬೆನ್ನು, ತಲೆಯ ಮೇಲೆ ಕಡ್ಡಿಯಂಥ ಜುಟ್ಟು. ಗೂಡು ಕಟ್ಟುವ ಗೋಜಿಲ್ಲ, ನೆಲದಲ್ಲೊಂದು ತಗ್ಗು ಮಾಡಿ ನಾಲ್ಕು ಮೊಟ್ಟೆ ಇಟ್ಟಿತು. ಹಿಂದೆ ಆ ಹೊಲದ ತುಂಬ ಇರುತ್ತಿದ್ದವಂತೆ, ಈಗ ಇದೊಂದೇ ಜೋಡಿ. ಹೊಲದ ಮಾಲೀಕ ಡೋನಲ್ ಎಂಬ ಮುದುಕ. ಭೀಮಪ್ಪ ಅವನ ಬೆನ್ನು ಹತ್ತಿ, ಮರಿ ಹೊರಬರುವ ತನಕ ದನ ಬಿಡುವುದಿಲ್ಲವೆಂದು ಒಪ್ಪಿಸಿದ. ಮುದುಕನದೂ ಒಂದು ಮಾತಿತ್ತು. ಮೊಟ್ಟೆ ಹಾಳಾದರೆ ಅವತ್ತೇ ದನ ಬಿಡುವೆ, ಹುಲ್ಲು ಸುಮ್ಮನೆ ಬೆಳೆದಿಲ್ಲ ಎಂದಿದ್ದ.

ಇಷ್ಟು ಖುಷಿಯನ್ನು ಒಬ್ಬನೇ ಇಟ್ಟುಕೊಳ್ಳಲು ಭೀಮಪ್ಪನಿಂದ ಆಗಲಿಲ್ಲ. ನಮ್ಮ ಕನ್ನಡ ಸಂಘದ ಮಕ್ಕಳನ್ನು ಒಂದು ಶನಿವಾರ ಹೊಲದ ಗೇಟಿನ ಬಳಿಗೆ ಕರೆದೊಯ್ದು ಟೆಲಿಸ್ಕೋಪಿನಲ್ಲಿ ತೋರಿಸಿದ. ಮಕ್ಕಳ ಜೊತೆ ಶಾಂತಾ ಇದ್ದರು. ಅವರು ಮೈಸೂರಿನವರು, ಸಂಘದ ಅಡುಗೆಯೆಲ್ಲ ಅವರ ಕೈಯದೇ.

"ಪಾಪ, ಈ ಚಳೀಲಿ ಇವು ಏನ್ ತಿಂತವೆ ಭೀಮಪ್ಪನವರೇ?" ಎಂದು ಶಾಂತಾ ಕೇಳಿದರು.

"ಹುಳಾ ತಿಂತಾವ್ರೀ ಅಕ್ಕಾರ."

"ಬರೀ ಹುಳಾನಾ?"

"ಹುಳಾ ಅಂದ್ರ ಅವಕ್ಕ ಹೋಳಿಗಿ ಇದ್ದಂಗ್ರೀ."

"ಅಂಕಲ್, ಇಟ್ ಹ್ಯಾಸ್ ಅ ಮೋಹಾಕ್," ಎಂದು ಒಂದು ಹುಡುಗಿ ಅದರ ಜುಟ್ಟು ಕಂಡು ಕೂಗಿದಳು. ಅವತ್ತು ಭೀಮಪ್ಪನ ಬಾಯಿಂದ ಒಂದೇ ಒಂದು ಥೂ ಬರಲಿಲ್ಲ.

ಯುಗಾದಿ ಕ್ಯಾಲೆಂಡರಿನಲ್ಲಿ ಮುಗಿದು ಎಷ್ಟೋ ದಿನವಾಗಿತ್ತು. ಹಾಲ್ ಸಿಕ್ಕಿದ್ದು ಮುಂದಿನ ಶನಿವಾರಕ್ಕೆ, ಹಬ್ಬವೂ ಅವತ್ತೇ ಆಯಿತು. ಮಳೆಗೆ ಅರ್ಧ ಜನ ಬರಲಿಲ್ಲ, ಬಿಸಿಬೇಳೆಬಾತು ರಾಶಿ ಉಳಿಯಿತು. ಹಾಲ್‌ನ ಹಿಂದೆ ಊಟದ ಕಸಕ್ಕೆಂದೇ ಕಂದು ಬಣ್ಣದ ದೊಡ್ಡ ಬಿನ್ ಇತ್ತು. ಪಾತ್ರೆ ತೊಳೆಯುತ್ತಿದ್ದ ತರುಣ್ ಎಂಬ ವಿದ್ಯಾರ್ಥಿ ಅದರ ಮುಚ್ಚಳ ತೆಗೆದದ್ದೇ ತಡ, ಶಾಂತಾ ಅವನ ಕೈ ಹಿಡಿದರು.

"ಅನ್ನ ಕಣೋ ಅದು. ಬಿನ್ನಿಗೆ ಹಾಕ್ತಾರಾ?"

"ಮತ್ತೆ ಎಲ್ಲಿಗೆ ಹಾಕೋದು ಆಂಟಿ?"

"ಹಸಿದಿರೋವಕ್ಕೆ ಹಾಕೋಣ. ಭೀಮಪ್ಪನವರ ಹಕ್ಕಿಗಳಿವೆಯಲ್ಲ."

ಇದು ಶಾಂತಾ ಒಬ್ಬರ ಬುದ್ಧಿಯಲ್ಲ. ಅನ್ನವನ್ನು ಕಸಕ್ಕೆ ಹಾಕಲು ನಮ್ಮಲ್ಲಿ ಯಾರ ಕೈಯೂ ಏಳುವುದಿಲ್ಲ. ಬಿನ್ನಿಗೆ ಹಾಕಿದರೆ ಪಾಪ, ಅದನ್ನೇ ಹುಲ್ಲಿನ ಮೇಲೆ ಸುರಿದರೆ ಪುಣ್ಯ. ಕತ್ತಲಾಗುವ ಮೊದಲೇ ಬಾತೆಲ್ಲ ಜವುಗು ಹೊಲದ ಗೇಟಿನೊಳಗೆ ಬಿತ್ತು.

ಭಾನುವಾರ ಬೆಳಿಗ್ಗೆ ಭೀಮಪ್ಪನಿಗೆ ಹಕ್ಕಿಗಿಂತ ಮೊದಲು ಸಿಕ್ಕಿದ್ದು ವಾಸನೆ. ರಾತ್ರಿಯ ಮಳೆಗೆ ಬಾತು ಹಿಗ್ಗಿ, ಹುಳಿ ಬಂದು, ಹಳದಿ ನೊರೆ ಬಿಟ್ಟುಕೊಂಡು ಹುಲ್ಲಿನ ಮೇಲೆ ಹರಡಿತ್ತು. ತುಪ್ಪ ಬಿಳಿಯ ಪದರವಾಗಿ ಹೆಪ್ಪುಗಟ್ಟಿತ್ತು. ಕಡಲಹಕ್ಕಿಯೊಂದು ತಿಂದದ್ದನ್ನು ಅಲ್ಲೇ ಕಾರಿ, ಕಾರಿದ್ದನ್ನೇ ಮತ್ತೆ ತಿನ್ನುತ್ತಿತ್ತು. ಹೆಗ್ಗಣವೊಂದು ಹಗಲು ಹೊತ್ತಿನಲ್ಲೇ ರಾಶಿಯ ನಡುವೆ ಕೂತು ಮೀಸೆ ಒರೆಸಿಕೊಳ್ಳುತ್ತಿತ್ತು. ಬೇಲಿಯ ಉದ್ದಕ್ಕೂ ಬೂದು ಮೈ, ಕಪ್ಪು ತಲೆಯ ಕಾಗೆಗಳು. ಒಂದೆರಡು ಇರುತ್ತಿದ್ದ ಕಡೆ ಈಗ ಒಂದು ಸಂತೆಯೇ ಕೂತಿತ್ತು.

ಭೀಮಪ್ಪ ಮೂಗಿಗೆ ಕರವಸ್ತ್ರ ಕಟ್ಟಿಕೊಂಡು, ಗ್ಲೌಸು ಹಾಕಿ, ಬಾತನ್ನು ಕಸದ ಚೀಲಕ್ಕೆ ಬಾಚತೊಡಗಿದ. ನಡುನಡುವೆ ಬೇಲಿಯ ಕಡೆ ತಿರುಗಿ ಓಕರಿಸಿದ. ಆಗಲೇ ಶಾಂತಾ ಅವರ ಕಾರು ಬಂದು ನಿಂತಿತು. ಇಳಿದ ಅವರ ಕೈಯಲ್ಲಿ ಹಬ್ಬದಲ್ಲಿ ಉಳಿದ ಶಾವಿಗೆ ಪಾಯಸದ ಪಾತ್ರೆ.

"ಏನಿದು ಭೀಮಪ್ಪನವರೇ, ಹಕ್ಕಿಗೆ ಅಂತ ಹಾಕಿದ್ದನ್ನ ಎತ್ತುತಾ ಇದೀರಾ?"

"ನೀವ ಹಾಕಿದ್ದಾ ಇದು?"

"ನೆನ್ನೆ ಹಾಕಿದ ತಕ್ಷಣ ಕಾಗೆ ಬಂದ್ವು ಗೊತ್ತಾ. ಥೇಟ್ ನಮ್ಮೂರ ಕಾಗೆ. ಇಷ್ಟು ವರ್ಷಕ್ಕೆ ಇಲ್ಲೂ ಹಿರಿಯರು ಬಂದು ತಿಂದ್ರು ಅನ್ನಿಸ್ತು."

"ಹಿರಿಯಾರು ಬಂದಿದ್ರ ಮನ್ಯಾಗ ಎಲಿ ಹಾಕಿ ಬಡಸ್ರೀ. ಇಲ್ಯಾಕ ತಂದು ಸುರುವ್ತೀರಿ ಈ ಹೊಲಸನ್ನ?"

"ಅನ್ನಕ್ಕೆ ಹೊಲಸು ಅನ್ಬೇಡಿ."

"ಮೂಸಿ ನೋಡಿ ಹೇಳ್ರಿ ಹಂಗಾರ."

ಶಾಂತಾ ಮೂಸಲಿಲ್ಲ. ಅಷ್ಟರಲ್ಲಿ ಹೊಲದ ನಡುವಿನಿಂದ ಟಿಟ್ಟಿಭಗಳ ಕೂಗು ಎದ್ದಿತು. ಭೀಮಪ್ಪ ಗ್ಲೌಸು ಕಿತ್ತೆಸೆದು ಟೆಲಿಸ್ಕೋಪಿಗೆ ಕಣ್ಣಿಟ್ಟ. ಬಾತು ತಿಂದು ರುಚಿ ಹತ್ತಿದ ಕಾಗೆಗಳು ಗೇಟಿನ ಬಳಿ ಜನ ಬಂದದ್ದರಿಂದ ಹೊಲದ ಒಳಕ್ಕೆ ಸರಿದಿದ್ದವು. ಗಂಡು ಟಿಟ್ಟಿಭ ಮೇಲಿನಿಂದ ಎರಗಿ ಎರಗಿ ಒಂದನ್ನು ಓಡಿಸಿದರೆ ಇನ್ನೊಂದು ಪಕ್ಕದಿಂದ ನಡೆದು ಬರುತ್ತಿತ್ತು. ಎರಡೇ ಹಕ್ಕಿ, ಅಷ್ಟು ಕಾಗೆ.

"ನೋಡ್ರಿ," ಎಂದು ಭೀಮಪ್ಪ ಪಕ್ಕಕ್ಕೆ ಸರಿದ. "ನಿಮ್ಮ ಹಿರಿಯಾರು ಏನ್ ತಿನ್ನಾಕತ್ತಾರ ನೋಡ್ರಿ."

ಶಾಂತಾ ಬಗ್ಗಿ ನೋಡಿದರು. ಕಾಗೆಯ ಕೊಕ್ಕಿನಲ್ಲಿ ಚುಕ್ಕೆ ಚುಕ್ಕೆಯ ಮೊಟ್ಟೆ, ಅದರಿಂದ ಇಳಿಯುತ್ತಿದ್ದ ಲೋಳೆ. ಒಳಗಿದ್ದುದಕ್ಕೆ ಆಗಲೇ ಕಾಲು ಮೂಡಿತ್ತು. ಅವರು ಬಾಯಿ ಮುಚ್ಚಿಕೊಂಡು ಹಿಂದೆ ಸರಿದರು.

ಭೀಮಪ್ಪ ಗೇಟು ಹತ್ತಿ ಒಳಗೆ ಹಾರಿದ. ತಾನೇ ಯಾರನ್ನೂ ಬಿಡದಿದ್ದ ಹೊಲದಲ್ಲಿ ಮೊಣಕಾಲವರೆಗೆ ಹೂತುಕೊಳ್ಳುತ್ತಾ, ಕೈ ಬೀಸುತ್ತಾ ಓಡಿದ. ಕಾಗೆಗಳು ಎದ್ದವು, ಟಿಟ್ಟಿಭಗಳೂ ಎದ್ದು ಅವನ ತಲೆಯ ಮೇಲೇ ಎರಗಿದವು. ಅವನು ಮುಟ್ಟುವ ಹೊತ್ತಿಗೆ ತಗ್ಗಿನಲ್ಲಿ ಚಿಪ್ಪಿನ ಚೂರುಗಳಷ್ಟೇ ಇದ್ದವು.

ವಾಪಸ್ ಬಂದಾಗ ಶಾಂತಾ ಬರಿಗೈಯಲ್ಲಿ ಬಾತು ಬಾಚಿ ಚೀಲಕ್ಕೆ ತುಂಬುತ್ತಿದ್ದರು. ಸೆರಗೆಲ್ಲ ಎಣ್ಣೆ, ಬೆರಳ ಸಂದಿಯಲ್ಲಿ ಕರಿಬೇವು. ಒಮ್ಮೆ ವಾಂತಿ ಮಾಡಿಕೊಂಡು, ಮತ್ತೆ ಬಾಚಿದರು.

"ನನಗೆ ಗೊತ್ತಿರ್ಲಿಲ್ಲ ಭೀಮಪ್ಪನವರೇ."

"ನಾ ತೋರಿಸಿದ್ನಲ್ರೀ ನಿಮಗ ಈ ಜಾಗಾ," ಎಂದಷ್ಟೇ ಹೇಳಿ ಅವನು ಚೀಲದ ಬಾಯಿ ಕಟ್ಟಿದ.

ಸಂಜೆ ಡೋನಲ್ ದನ ಬಿಟ್ಟ.

ಮೊಟ್ಟೆ ಕಳೆದುಕೊಂಡ ಟಿಟ್ಟಿಭಗಳು ಬೇರೆ ಕಡೆ ಹೋಗಿ ಮತ್ತೆ ಇಡುವುದುಂಟು. ಮೇ ತಿಂಗಳಲ್ಲಿ ಶಾಂತಾ ಅವರ ಮನೆಯಲ್ಲಿ ಊಟವಿದ್ದಾಗ ಭೀಮಪ್ಪ ತಡವಾಗಿ ಬಂದ. ಪ್ಯಾಂಟಿಗೆ ಹಸಿ ಕೆಸರು ಮೆತ್ತಿತ್ತು, ಬಹಳ ದಿನದ ಮೇಲೆ ಮುಖ ತಿಳಿಯಾಗಿತ್ತು.

"ಅಂಕಲ್, ಮೋಹಾಕ್ ಬರ್ಡ್ ಸಿಕ್ತಾ?" ಎಂದು ಆ ಹುಡುಗಿ ಓಡಿಬಂದಳು.

"ಇಲ್ಲವಾ."

ಶಾಂತಾ ಅವನ ಪ್ಯಾಂಟನ್ನು ನೋಡಿದರು. "ಮತ್ತೆ ಎಲ್ಲಿಗೆ ಹೋಗಿದ್ರಿ?"

"ಎಲ್ಲೂ ಇಲ್ರೀ ಅಕ್ಕಾರ," ಎಂದು ಭೀಮಪ್ಪ ಕೈ ತೊಳೆಯಲು ಒಳಗೆ ಹೋದ.