ಹುಳದ ಮನೆಯ ದೊಡ್ಡಮ್ಮ

ಹೋದ ವಾರ ಶಿಡ್ಲಘಟ್ಟದ ಆಸ್ಪತ್ರೆಯಲ್ಲಿ ಬಿ.ಪಿ. ತೋರಿಸಲು ಬೆಂಚಿನ ಮೇಲೆ ಕೂತಿದ್ದೆ. ಪಕ್ಕದಲ್ಲಿ ಬಂದು ಕೂತ ಹೆಂಗಸಿನ ಸೀರೆಯಿಂದ ಸುಣ್ಣದ ಪುಡಿ, ಹಸಿ ಹಿಪ್ಪುನೇರಳೆ ಸೊಪ್ಪು ಎರಡೂ ಬೆರೆತ ವಾಸನೆ ಬಂತು. ರೇಷ್ಮೆ ಹುಳ ಸಾಕುವವರೆಂದು ಮುಖ ನೋಡದೆಯೇ ಗೊತ್ತಾಯಿತು. ಅದರ ಹಿಂದೆಯೇ ನಮ್ಮ ಪಕ್ಕದ ಮನೆಯ ದೊಡ್ಡಮ್ಮ ನೆನಪಾದರು...

ದಿಬ್ಬೂರಹಳ್ಳಿ ಕಡೆಯ ನಮ್ಮೂರಲ್ಲಿ ಅವರ ಕೈಗುಣಕ್ಕೆ ಹೆಸರಿತ್ತು. ಊರೆಲ್ಲ ಬೆಳೆ ಕೆಟ್ಟರೂ ಅವರ ಗೂಡು ಗಟ್ಟಿ. ಅದೇ ಅವರಿಗೆ ಮುಳುವಾಯಿತೆಂದು ನನಗೆ ಇವತ್ತಿಗೂ ಸಿಟ್ಟು. ಕೈಗುಣ ಇದ್ದವರನ್ನು ಯಾರು ಹೊರಗೆ ಬಿಡುತ್ತಾರೆ? ಮಗ ಸೊಪ್ಪು ತಂದು ಬಾಗಿಲಲ್ಲಿ ಹಾಕುತ್ತಿದ್ದ, ಸೊಸೆ ಕತ್ತರಿಸಿ ಕೊಡುತ್ತಿದ್ದಳು. ಹುಳದ ಮನೆಯ ಒಳಗೆ ಮಾತ್ರ ಅವರೊಬ್ಬರೇ. ಹುಳದ ಮೈಮೇಲೆ ಮೊಟ್ಟೆಯಿಟ್ಟು ಕೊಲ್ಲುವ ಊಜಿ ನೊಣ ಬಾರದಂತೆ ಕಿಟಕಿ ಬಾಗಿಲಿಗೆಲ್ಲ ಪರದೆ, ಒಳಗೆ ಉಸಿರುಗಟ್ಟುವ ಸೆಕೆ. ಒಮ್ಮೆ ಹೊರಗೆ ಬಂದರೆ ಕೈಕಾಲು ತೊಳೆದು, ಸೀರೆ ಬದಲಾಯಿಸಿಯೇ ಒಳಗೆ ಹೋಗಬೇಕು. ಹುಳಕ್ಕೆ ರೋಗ ತಗುಲಬಾರದಲ್ಲ! ಆ ಕಟ್ಟಳೆ ಮಾಡಿದವರೂ ಅವರೇ.

ಊರಿಗೆ ಬಂದ ನರ್ಸಮ್ಮ ಒಮ್ಮೆ ಎಲ್ಲರ ಬಿ.ಪಿ. ನೋಡಿದಾಗ ದೊಡ್ಡಮ್ಮನದು ಮಿತಿಮೀರಿತ್ತು. ತಲೆನೋವಿಲ್ಲ, ಸುಸ್ತಿಲ್ಲ. ಏನೂ ಅನ್ನಿಸದಿದ್ದರೂ ಮಾತ್ರೆ ಒಂದು ದಿನವೂ ಬಿಡಬೇಡಿ ಎಂದರು ಆಸ್ಪತ್ರೆಯ ಡಾಕ್ಟರು. ದೊಡ್ಡಮ್ಮ ಉಪ್ಪು ಕಡಿಮೆ ಮಾಡಿದರು, ಉಪ್ಪಿನಕಾಯಿ ಬಿಟ್ಟರು. ಮಾತ್ರೆಯನ್ನೂ ನುಂಗಿದರು, ಹುಳ ಇಲ್ಲದ ದಿನಗಳಲ್ಲಿ ಮಾತ್ರ. ಹುಳ ಕೊನೆಯ ಪೊರೆ ಬಿಟ್ಟು ಬಕಾಸುರನ ಹಾಗೆ ಸೊಪ್ಪು ಮುಕ್ಕಲು ಶುರುಮಾಡಿತೆಂದರೆ ಮಾತ್ರೆ ಬಂದ್. ಯಾಕೆ ಎಂದು ಕೇಳಿದೆ. ಪರದೆಯ ಆಚೆಯಿಂದ ದನಿ ತಗ್ಗಿಸಿದರು.

"ಅದು ನುಂಗಿದ್ರೆ ಗಳಿಗೆಗೊಂದು ಸಲ ಒಂದಕ್ಕೆ ಹೋಗ್ಬೇಕು ಕಣೇ. ಹೋದಾಗೆಲ್ಲ ಸೀರೆ ಬದಲಾಯಿಸ್ತಾ ಕೂತ್ರೆ ಹುಳಕ್ಕೆ ಸೊಪ್ಪು ಯಾರಮ್ಮ ಹಾಕ್ತಾರೆ?"

"ಡಾಕ್ಟ್ರಿಗೆ ಹೇಳಿ ದೊಡ್ಡಮ್ಮ, ಬೇರೆ ಮಾತ್ರೆ ಕೊಡ್ತಾರೇನೋ."

"ಥೂ, ಗಂಡಸ್ರ ಹತ್ರ ಅದನ್ನೆಲ್ಲ ಹೇಳ್ತಾರೇನೇ?"

ನಾನು ಸೊಸೆಯ ಕಿವಿಗೆ ಹಾಕಿದೆ. ಅವಳು ಕೇಳಿದ್ದಕ್ಕೆ ದೊಡ್ಡಮ್ಮ ದಿನಾ ನುಂಗುತ್ತಿದ್ದೇನೆ ಎಂದು ಸುಳ್ಳು ಹೇಳಿದರು.

ಒಂದು ಬೆಳೆ ಇಳಿಯಿತು, ಇನ್ನೊಂದು ಬಂತು... ಒಂದು ಬೆಳಿಗ್ಗೆ, ಹಣ್ಣಾದ ಹುಳಗಳನ್ನು ಗೂಡು ಕಟ್ಟಲು ಬಿದಿರಿನ ಚಂದ್ರಿಕೆ ತಟ್ಟೆಗೆ ಬಿಡುತ್ತಿದ್ದಾಗ ಕುಸಿದುಬಿಟ್ಟರು. ಸೊಸೆ ಕೂಗಿಕೊಂಡಳು, ನಾನು ಚಪ್ಪಲಿ ಮೆಟ್ಟಿಕೊಂಡೇ ಒಳಗೆ ಓಡಿದೆ. ಅವರ ಬಾಯಿ ಸೊಟ್ಟಗಾಗಿತ್ತು, ಮಾತು ಹೊರಡುತ್ತಿರಲಿಲ್ಲ. ಆದರೂ ಎಡಗೈಯಲ್ಲಿ ನನ್ನ ಚಪ್ಪಲಿ ತೋರಿಸಿ, ಆಚೆ ಹೋಗು ಎಂದು ಸನ್ನೆ ಮಾಡುತ್ತಿದ್ದರು.

ಜೀವ ಉಳಿಯಿತು, ಬಲಗೈ ಬಲಗಾಲು ಹೋದವು. ಆ ಸಲವೂ ಗೂಡು ಗಟ್ಟಿಯಾಗಿಯೇ ಬಂತು. ಯಾವುದಕ್ಕೆ ಎದ್ದು ಹೋಗಬೇಕಾಗುತ್ತದೆಂದು ಮಾತ್ರೆ ಬಿಟ್ಟಿದ್ದರೋ, ಅದಕ್ಕೇ ಈಗ ಮಂಚದಿಂದ ಸೊಸೆಯನ್ನು ಕರೆಯಬೇಕಿತ್ತು. ಕರೆಯಲು ನಾಚಿ ನೀರು ಕುಡಿಯುವುದನ್ನೇ ಕಡಿಮೆ ಮಾಡಿದರು. ನಾನು ಲೋಟ ಹಿಡಿದರೆ ತುಟಿ ಬಿಗಿದು ಗೋಡೆಯ ಕಡೆ ತಿರುಗುತ್ತಿದ್ದರು. ಮುಂದಿನ ಯುಗಾದಿಗೆ ಅವರಿರಲಿಲ್ಲ...

ನನ್ನ ಸರದಿ ಬಂತು. ತೋಳಿಗೆ ಪಟ್ಟಿ ಬಿಗಿಯಿತು. ಮಾತ್ರೆ ಸರಿಯಾಗಿ ತಗೊಳ್ತಿದ್ದೀರಾ ಎಂದು ಕೇಳಿದ ಡಾಕ್ಟರು ನನ್ನ ಮಗನ ವಯಸ್ಸಿನವರು. ಬೆನ್ನ ಹಿಂದೆ ಬಾಗಿಲವರೆಗೂ ಜನ. ನನಗೂ ಹೂಂ ಎಂದುಬಿಡೋಣ ಎನ್ನಿಸಿತು. ಆಮೇಲೆ ಜೋರಾಗಿಯೇ ಹೇಳಿದೆ: "ಇದು ನುಂಗಿದ್ರೆ ಪದೇ ಪದೇ ಒಂದಕ್ಕೆ ಹೋಗ್ಬೇಕಾಗತ್ತೆ ಸಾರ್. ದಿನಾ ಬಸ್ಸಲ್ಲಿ ಓಡಾಡೋಳು ನಾನು."

ಅವರು ತಲೆಯನ್ನೂ ಎತ್ತದೆ ಬೇರೆ ಮಾತ್ರೆ ಬರೆದುಕೊಟ್ಟರು.

ಚೀಟಿ ಹಿಡಿದು ಹೊರಗೆ ಬಂದವಳು ಅದೇ ಬೆಂಚಿನ ಮೇಲೆ ಕೂತು ಅತ್ತುಬಿಟ್ಟೆ. ಒಂದು ಮಾತು, ಅಷ್ಟೇ ಸಾಕಿತ್ತು, ದೊಡ್ಡಮ್ಮ.